ಸರ್ವಿಸ್ ‘ನಿಂತಿದೆ’ ಎನ್ನುತ್ತಿದೆ, ಡೇಟಾಬೇಸ್ ನಿಜವಾಗಿ ನಿಂತಿದೆಯೇ? ವಿಂಡೋಸ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಏಳುತ್ತಿಲ್ಲ

ಅವೆನ್ಯೂ ರಸ್ತೆ, ಸೋಮವಾರ ಬೆಳಿಗ್ಗೆ 9.35

ಎಲ್ಲರಿಗೂ ನಮಸ್ಕಾರ. ಅವೆನ್ಯೂ ರಸ್ತೆಯ ಪಠ್ಯಪುಸ್ತಕಗಳ ಸಗಟು ಅಂಗಡಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಬಿಲ್ಲಿಂಗ್ ಮತ್ತು ದಾಸ್ತಾನು ಎರಡೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 14ನೇ ಆವೃತ್ತಿಯ ಮೇಲೆ ನಡೆಯುತ್ತವೆ. ವಿಂಡೋಸ್ ಸರ್ವರ್ 2016 ಇರುವ ಯಂತ್ರದಲ್ಲಿ ಅದು ಹಿನ್ನೆಲೆ ಸರ್ವಿಸ್ ಆಗಿ ಓಡುತ್ತದೆ. ಡೇಟಾ ಫೋಲ್ಡರ್ ಡಿ ಡ್ರೈವಿನಲ್ಲಿದೆ, ಆ ಡ್ರೈವ್ ಎಸ್‌ಎಸ್‌ಡಿ ಅಲ್ಲ, ಹಳೆಯ ಹಾರ್ಡ್ ಡಿಸ್ಕ್.

ನಿನ್ನೆ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳತಾಗಿದ್ದರಿಂದ ಎರಡೇ ನಿಮಿಷಕ್ಕೆ ಕೈಕೊಟ್ಟು, ಬಿಲ್ ಹಾಕುತ್ತಿರುವಾಗಲೇ ಸರ್ವರ್ ಆರಿಹೋಯಿತು. ಇಂದು ಬೆಳಿಗ್ಗೆ 8.50ಕ್ಕೆ ಯಂತ್ರ ಹಚ್ಚಿದೆ. ಬಿಲ್ಲಿಂಗ್ ತಂತ್ರಾಂಶ ಡೇಟಾಬೇಸಿಗೆ ಸಂಪರ್ಕ ಸಿಗುತ್ತಿಲ್ಲ ಎಂದಿತು. ಸರ್ವಿಸಸ್ ಕಿಟಕಿಯಲ್ಲಿ ನೋಡಿದರೆ ಪೋಸ್ಟ್‌ಗ್ರೆಸ್ ಸಾಲಿನ ಮುಂದೆ ‘ರನ್ನಿಂಗ್’ ಎಂಬ ಪದವೇ ಇಲ್ಲ. ಸ್ಟಾರ್ಟ್ ಒತ್ತಿದರೆ, ಸರ್ವಿಸ್ ಆರಂಭವಾಗಿ ಮತ್ತೆ ನಿಂತಿತು ಎಂಬ ಸಂದೇಶ ಬರುತ್ತದೆ. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಅದೇ. ಈವೆಂಟ್ ವ್ಯೂಯರ್‌ನಲ್ಲಿ ‘ಟೈಮ್ಡ್ ಔಟ್ ವೇಯ್ಟಿಂಗ್ ಫಾರ್ ಸರ್ವರ್ ಸ್ಟಾರ್ಟಪ್’ ಎಂದು ಕೆಂಪು ಗುರುತಿನ ನಾಲ್ಕು ದಾಖಲೆಗಳಿವೆ.

ತಂತ್ರಾಂಶ ಕೊಟ್ಟವರಿಗೆ ಫೋನ್ ಮಾಡಿದೆ. ಡೇಟಾ ಫೋಲ್ಡರಿನಲ್ಲಿರುವ ಪೋಸ್ಟ್‌ಮಾಸ್ಟರ್.ಪಿಐಡಿ ಕಡತವನ್ನು ಅಳಿಸಿ, ಅದಕ್ಕೂ ಏಳದಿದ್ದರೆ ಪಿಜಿ_ರೀಸೆಟ್‌ವಾಲ್ ಓಡಿಸಿ ಎಂದರು. ಗುರುವಾರ ರಾತ್ರಿಯ ಬ್ಯಾಕಪ್ ಇದೆ, ಅದರ ನಂತರದ್ದಿಲ್ಲ. ಶಾಲೆಗಳು ತೆರೆಯುವ ವಾರವಾದ್ದರಿಂದ ಅಂಗಡಿಯ ಮುಂದೆ ಈಗಾಗಲೇ ಜನ ನಿಂತಿದ್ದಾರೆ. ಅವರು ಹೇಳಿದಂತೆ ಮಾಡಬಹುದೇ? ದಯವಿಟ್ಟು ಬೇಗ ತಿಳಿಸಿ.

ಮಲ್ಲೇಶ್ವರ, ಬೆಳಿಗ್ಗೆ 9.41

ಸರ್, ಎರಡನ್ನೂ ಮಾಡಬೇಡಿ. ಯಂತ್ರವನ್ನು ರೀಸ್ಟಾರ್ಟ್ ಕೂಡ ಮಾಡಬೇಡಿ. ಕಾರಣವನ್ನು ಆಮೇಲೆ ಬಿಡಿಸಿ ಬರೆಯುತ್ತೇನೆ, ಮೊದಲು ಮೂರು ವಿಷಯ ನೋಡಿ ಹೇಳಿ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಪೋಸ್ಟ್‌ಗ್ರೆಸ್.ಇಎಕ್ಸ್‌ಇ ಹೆಸರಿನ ಪ್ರಕ್ರಿಯೆಗಳು ಕಾಣುತ್ತವೆಯೇ? ಡೇಟಾ ಫೋಲ್ಡರಿನ ಒಳಗಿನ ಲಾಗ್ ಫೋಲ್ಡರಿನಲ್ಲಿ ಇವತ್ತಿನ ಕಡತದ ಕೊನೆಯ ಸಾಲುಗಳು ಏನು ಹೇಳುತ್ತವೆ? ಈವೆಂಟ್ ವ್ಯೂಯರ್‌ನ ಆ ನಾಲ್ಕು ದಾಖಲೆಗಳ ಸಮಯ ಮತ್ತು ಅವುಗಳ ಹಿಂದುಮುಂದಿನ ದಾಖಲೆಗಳಲ್ಲಿ ಏನಿದೆ?

ಅವೆನ್ಯೂ ರಸ್ತೆ, ಬೆಳಿಗ್ಗೆ 9.52

ನೋಡಿದೆ ಸರ್. ಪೋಸ್ಟ್‌ಗ್ರೆಸ್.ಇಎಕ್ಸ್‌ಇ ಮೂರು ಇವೆ! ಸರ್ವಿಸ್ ನಿಂತಿರುವಾಗ ಇವು ಹೇಗೆ ಇರುತ್ತವೆ ಎಂಬುದು ನನಗೆ ಅರ್ಥವಾಗಲಿಲ್ಲ.

ಲಾಗ್ ಕಡತದಲ್ಲಿ 8.52ಕ್ಕೆ, ಡೇಟಾಬೇಸ್ ವ್ಯವಸ್ಥೆಗೆ ಅಡಚಣೆಯಾಗಿತ್ತು, ಕೊನೆಯದಾಗಿ ಚಾಲ್ತಿಯಲ್ಲಿದ್ದುದು ನಿನ್ನೆ ಸಂಜೆ ಎಂಬ ಅರ್ಥದ ಸಾಲು ಇದೆ. ಅದಾದ ಮೇಲೆ ‘ಫೇಟಲ್: ದಿ ಡೇಟಾಬೇಸ್ ಸಿಸ್ಟಮ್ ಈಸ್ ಸ್ಟಾರ್ಟಿಂಗ್ ಅಪ್’ ಎಂಬ ಒಂದೇ ಸಾಲು ನೂರಾರು ಬಾರಿ ಬಂದಿದೆ, ಈಗಲೂ ಬರುತ್ತಲೇ ಇದೆ.

ಈವೆಂಟ್ ವ್ಯೂಯರ್‌ನಲ್ಲಿ ಮೊದಲ ದಾಖಲೆ 8.53ರದ್ದು. ಅದಕ್ಕೆ ಸರಿಯಾಗಿ ಒಂದು ನಿಮಿಷ ಮೊದಲು ‘ವೇಯ್ಟಿಂಗ್ ಫಾರ್ ಸರ್ವರ್ ಸ್ಟಾರ್ಟಪ್’ ಎಂಬ ಮಾಹಿತಿ ಇದೆ. ಉಳಿದ ಮೂರು ನಾನು ಕೈಯಿಂದ ಸ್ಟಾರ್ಟ್ ಒತ್ತಿದಾಗಿನವು. ನೀವು ಕೇಳಿದ ಮೇಲೆ ಗಮನಿಸಿದೆ, ಅವುಗಳಲ್ಲಿ ಕಾಯುವುದಕ್ಕೂ ಸೋಲುವುದಕ್ಕೂ ನಡುವೆ ಕೆಲವೇ ಸೆಕೆಂಡು ಅಂತರವಿದೆ. ಆ ಮೂರರ ಜೊತೆಗೂ, ಪೋಸ್ಟ್‌ಮಾಸ್ಟರ್.ಪಿಐಡಿ ಎಂಬ ಬೀಗದ ಕಡತ ಈಗಾಗಲೇ ಇದೆ, ಇದೇ ಡೇಟಾ ಫೋಲ್ಡರಿನಲ್ಲಿ 4312ನೇ ಸಂಖ್ಯೆಯ ಇನ್ನೊಂದು ಪೋಸ್ಟ್‌ಮಾಸ್ಟರ್ (ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರಕ್ರಿಯೆ) ಓಡುತ್ತಿದೆಯೇ ಎಂದು ಕೇಳುವ ದಾಖಲೆಯಿದೆ. ಟಾಸ್ಕ್ ಮ್ಯಾನೇಜರಿನಲ್ಲಿರುವ ಒಂದು ಪೋಸ್ಟ್‌ಗ್ರೆಸ್‌ನ ಸಂಖ್ಯೆಯೂ 4312.

ಮಲ್ಲೇಶ್ವರ, ಬೆಳಿಗ್ಗೆ 10.04

ಸರ್, ಸಮಾಧಾನದಿಂದ ಓದಿ. ನಿಮ್ಮ ಡೇಟಾಬೇಸ್ ಸತ್ತಿಲ್ಲ, ಅದು ಬೆಳಿಗ್ಗೆ 8.52ರಿಂದ ಏಳುತ್ತಿದೆ. ಸತ್ತ ಸರ್ವರ್ ‘ನಾನು ಏಳುತ್ತಿದ್ದೇನೆ’ ಎಂದು ನೂರಾರು ಸಲ ಉತ್ತರ ಕೊಡಲಾರದು. ಬಿಲ್ಲಿಂಗ್ ಯಂತ್ರಗಳು ಪ್ರತಿ ಸಲ ಬಾಗಿಲು ತಟ್ಟಿದಾಗಲೂ ಒಳಗಿನಿಂದ ಬರುತ್ತಿರುವ ಉತ್ತರ ಅದು.

ವಿಂಡೋಸ್‌ನಲ್ಲಿ ಸರ್ವಿಸ್ ಎಂದು ನೋಂದಣಿಯಾಗಿರುವುದು ಪೋಸ್ಟ್‌ಗ್ರೆಸ್ ಅಲ್ಲ, ಪಿಜಿ_ಸಿಟಿಎಲ್ ಎಂಬ ಸಣ್ಣ ಪ್ರೋಗ್ರಾಂ. ಸರ್ವಿಸಿನ ಪ್ರಾಪರ್ಟೀಸ್ ತೆರೆದು ಅದರ ಆಜ್ಞಾಸಾಲನ್ನು ನೋಡಿದರೆ, ಪಿಜಿ_ಸಿಟಿಎಲ್ ರನ್‌ಸರ್ವಿಸ್ ಎಂದು ಶುರುವಾಗಿ ಕೊನೆಯಲ್ಲಿ ಅಡ್ಡಗೆರೆ ಡಬ್ಲ್ಯೂ ಇರುವುದು ಕಾಣುತ್ತದೆ. ಆ ಡಬ್ಲ್ಯೂ ಎಂದರೆ ಸರ್ವರ್ ಪೂರ್ತಿ ಸಿದ್ಧವಾಗುವವರೆಗೂ ಕಾಯಬೇಕು ಎಂದು. ಆದರೆ ಅದು ಎಷ್ಟು ಹೊತ್ತು ಕಾಯಬೇಕೆಂದು ಯಾರೂ ಹೇಳದಿದ್ದರೆ 60 ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಸರ್ವರ್ ಸಿದ್ಧವಾಗದಿದ್ದರೆ ಸರ್ವಿಸ್ ನಿಂತಿದೆ ಎಂದು ವಿಂಡೋಸ್‌ಗೆ ವರದಿ ಕೊಟ್ಟು ತಾನು ಹೊರಟುಹೋಗುತ್ತದೆ. ತಾನು ಹುಟ್ಟಿಸಿದ ಪೋಸ್ಟ್‌ಗ್ರೆಸ್ ಪ್ರಕ್ರಿಯೆಯನ್ನು ಮಾತ್ರ ಅದು ಕೊಲ್ಲುವುದಿಲ್ಲ. ಹಾಗಾಗಿ ಸರ್ವಿಸಸ್ ಕಿಟಕಿ ಹೇಳುತ್ತಿರುವುದು ಕಾವಲುಗಾರನ ಸ್ಥಿತಿಯನ್ನೇ ಹೊರತು ಮನೆಯೊಳಗಿನವರ ಸ್ಥಿತಿಯನ್ನಲ್ಲ.

ನಿಮ್ಮ ಮೂರು ಪ್ರಯತ್ನಗಳು ಕ್ಷಣಾರ್ಧದಲ್ಲಿ ಸೋತದ್ದಕ್ಕೂ ಇದೇ ಕಾರಣ. ಹೊಸದಾಗಿ ಬಂದ ಪೋಸ್ಟ್‌ಗ್ರೆಸ್ ಬೀಗದ ಕಡತವನ್ನು ಕಂಡು, ಒಳಗೆ ಮೊದಲೇ ಒಬ್ಬರಿದ್ದಾರೆ ಎಂದು ತಿಳಿದು ಹಿಂದೆ ಸರಿದಿದೆ. ಪಿಜಿ_ಸಿಟಿಎಲ್ ಈ ಸೋಲಿಗೂ ಆ ಕಾಯುವಿಕೆಗೂ ಒಂದೇ ವಾಕ್ಯ ಬರೆಯುವುದರಿಂದ ನಾಲ್ಕೂ ಒಂದೇ ದೋಷದಂತೆ ಕಾಣುತ್ತವೆ. ಸಮಯದ ಅಂತರ ನೋಡಿದಾಗ ಮಾತ್ರ ಮೊದಲನೆಯದು ಬೇರೆ, ಉಳಿದ ಮೂರು ಬೇರೆ ಎಂದು ಗೊತ್ತಾಗುತ್ತದೆ. ಇನ್ನೊಂದು ಮಾತು: ಬೀಗದ ಕಡತದ ಈ ದೂರು ಲಾಗ್ ಫೋಲ್ಡರಿನಲ್ಲಿ ಸಿಗುವುದಿಲ್ಲ, ಏಕೆಂದರೆ ಲಾಗ್ ಬರೆಯುವ ಪ್ರಕ್ರಿಯೆ ಹುಟ್ಟುವ ಮೊದಲೇ ಅದು ಸಂಭವಿಸುತ್ತದೆ. ಅಂತಹ ಮೊಳಕೆಯ ಹಂತದ ದೋಷಗಳೆಲ್ಲ ಈವೆಂಟ್ ವ್ಯೂಯರ್‌ನ ಅಪ್ಲಿಕೇಶನ್ ವಿಭಾಗಕ್ಕೆ ಹೋಗುತ್ತವೆ. ಆದ್ದರಿಂದ ಎರಡೂ ಕಡೆ ನೋಡಲೇಬೇಕು.

ಇನ್ನು ನಿಮಗೆ ಫೋನಿನಲ್ಲಿ ಸಿಕ್ಕ ಸಲಹೆಯ ವಿಷಯ. ನೀವು ವ್ಯಾಪಾರದ ಕಡೆಯವರು, ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಕಿರ್ದಿಗೆ ಬರೆಯುತ್ತದೆ. ಪಿಜಿ_ವಾಲ್ ಫೋಲ್ಡರ್ ಎಂದರೆ ಆ ಕಿರ್ದಿ. ಖಾತೆ ಪುಸ್ತಕಕ್ಕೆ, ಅಂದರೆ ನಿಜವಾದ ಟೇಬಲ್‌ಗಳ ಕಡತಗಳಿಗೆ, ಅದನ್ನು ನಿಧಾನವಾಗಿ ಏರಿಸುತ್ತಾ ಹೋಗುತ್ತದೆ. ನಿನ್ನೆ ಕರೆಂಟು ಹೋದಾಗ ಕಿರ್ದಿಯಲ್ಲಿದ್ದ ಒಂದಷ್ಟು ನಮೂದುಗಳು ಖಾತೆಗೆ ಏರಿರಲಿಲ್ಲ. ಸರ್ವರ್ ಈಗ ಏಳುತ್ತಿರುವುದು ಅವನ್ನು ಏರಿಸಿ ಮುಗಿಸುವುದಕ್ಕೇ. ಪಿಜಿ_ರೀಸೆಟ್‌ವಾಲ್ ಓಡಿಸುವುದೆಂದರೆ ಆ ಕಿರ್ದಿಯ ಹಾಳೆಗಳನ್ನು ಹರಿದೆಸೆದು, ಖಾತೆ ಪುಸ್ತಕ ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ಸರಿಯಿದೆ ಎಂದು ಸಹಿ ಹಾಕಿದಂತೆ. ಸರ್ವರ್ ಎದ್ದು ನಿಲ್ಲುತ್ತದೆ, ಬಿಲ್ಲೂ ಬರುತ್ತದೆ. ಆದರೆ ಬಿಲ್ಲಿನ ತಲೆ ಇದ್ದು ಅದರ ಸಾಲುಗಳಿಲ್ಲದಿರಬಹುದು, ದಾಸ್ತಾನು ಕಡಿಮೆಯಾಗಿ ಮಾರಾಟ ದಾಖಲಾಗದಿರಬಹುದು, ಮತ್ತು ಅದು ಗೊತ್ತಾಗುವುದು ಮೂರು ತಿಂಗಳ ನಂತರ ತಾಳೆ ನೋಡುವಾಗ. ಬೇರೆ ಯಾವ ದಾರಿಯೂ ಉಳಿಯದಿದ್ದಾಗ ಮಾತ್ರ ಬಳಸಬೇಕಾದ ಸಾಧನ ಅದು. ಬಳಸಿದ ಮೇಲೂ ಕೂಡಲೇ ಎಲ್ಲವನ್ನೂ ಡಂಪ್ ತೆಗೆದು ಹೊಸ ಡೇಟಾಬೇಸಿಗೆ ತುಂಬಿಸಬೇಕು ಎಂದು ಪೋಸ್ಟ್‌ಗ್ರೆಸ್ ಕೈಪಿಡಿಯೇ ಎಚ್ಚರಿಸುತ್ತದೆ.

ಪೋಸ್ಟ್‌ಮಾಸ್ಟರ್.ಪಿಐಡಿ ಅಳಿಸಿದರೂ ಕೆಲಸ ಕೆಡುತ್ತದೆ. ಓಡುತ್ತಿರುವ ಸರ್ವರ್ ಸುಮಾರು ನಿಮಿಷಕ್ಕೊಮ್ಮೆ ಆ ಕಡತವನ್ನು ತಾನೇ ಪರೀಕ್ಷಿಸುತ್ತದೆ. ಅದು ಕಾಣೆಯಾಗಿದ್ದರೆ ತಕ್ಷಣ ತನ್ನನ್ನು ತಾನು ಮುಚ್ಚಿಕೊಳ್ಳುತ್ತದೆ. ಅಂದರೆ ಇಷ್ಟು ಹೊತ್ತು ಮಾಡಿದ ಕೆಲಸ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕು. ಕಾಯುವುದು ಕಷ್ಟ ಎಂದು ನನಗೆ ಗೊತ್ತು, ಆದರೂ ಕಾಯಿರಿ.

ಪೀಣ್ಯ, ಬೆಳಿಗ್ಗೆ 10.09

ನಮ್ಮ ಕಾರ್ಖಾನೆಯಲ್ಲಿ ಒಮ್ಮೆ 1053 ಸಂಖ್ಯೆಯ ದೋಷ ಬಂದು ಸರ್ವಿಸ್ ಏಳದಿದ್ದಾಗ, ರಿಜಿಸ್ಟ್ರಿಯಲ್ಲಿ ಸರ್ವಿಸಸ್‌ಪೈಪ್‌ಟೈಮ್‌ಔಟ್ ಎಂಬ ಮೌಲ್ಯವನ್ನು ಹೆಚ್ಚಿಸಿ ಸರಿಪಡಿಸಿದ್ದೆವು. ಇವರಿಗೂ ಅದು ಸಾಕಲ್ಲವೇ?

ಜಯನಗರ, ಬೆಳಿಗ್ಗೆ 10.16

ಪೀಣ್ಯದ ಸದಸ್ಯರು ಹೇಳುತ್ತಿರುವುದು ಬೇರೆ ಗಡಿಯಾರ. ಸರ್ವಿಸಿನ ಪ್ರೋಗ್ರಾಂ ಶುರುವಾದ ಮೇಲೆ ವಿಂಡೋಸ್‌ನ ಸರ್ವಿಸ್ ನಿಯಂತ್ರಕಕ್ಕೆ ‘ಬಂದಿದ್ದೇನೆ’ ಎಂದು ಹಾಜರಿ ಹಾಕಲು ಸಾಮಾನ್ಯವಾಗಿ 30 ಸೆಕೆಂಡು ಅವಕಾಶವಿರುತ್ತದೆ. ಹಾಕದಿದ್ದರೆ 1053 ದೋಷವೂ ಸಿಸ್ಟಮ್ ಲಾಗ್‌ನಲ್ಲಿ 7009ನೇ ಸಂಖ್ಯೆಯ ದಾಖಲೆಯೂ ಬರುತ್ತವೆ. ನೀವು ಹೇಳಿದ ರಿಜಿಸ್ಟ್ರಿ ಮೌಲ್ಯ ಆ ಅವಕಾಶವನ್ನು ಮಿಲಿಸೆಕೆಂಡುಗಳಲ್ಲಿ ಹಿಗ್ಗಿಸುತ್ತದೆ, ಯಂತ್ರ ರೀಸ್ಟಾರ್ಟ್ ಆದ ನಂತರವೇ ಜಾರಿಗೆ ಬರುತ್ತದೆ. ಇಲ್ಲಿ ಪಿಜಿ_ಸಿಟಿಎಲ್ ಹಾಜರಿಯನ್ನು ಸರಿಯಾಗಿಯೇ ಹಾಕಿದೆ, ಸೋತಿರುವುದು ಅದರ ಸ್ವಂತ 60 ಸೆಕೆಂಡಿನ ಗಡಿಯಾರದಲ್ಲಿ. ರಿಜಿಸ್ಟ್ರಿಯ ಆ ಮೌಲ್ಯವನ್ನು ಎಷ್ಟು ಹೆಚ್ಚಿಸಿದರೂ ಇದು ಬದಲಾಗದು. ಅದಕ್ಕಾಗಿ ಈಗ ರೀಸ್ಟಾರ್ಟ್ ಮಾಡಿದರಂತೂ ನಷ್ಟವೇ.

ಅವೆನ್ಯೂ ರಸ್ತೆಯವರಿಗೆ: ಈಗಲೇ ಮಾಡಬಹುದಾದ ಒಂದು ಉಪಯುಕ್ತ ಕೆಲಸ ಇದೆ. ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟಕ್ಕೆ ಹೋಗಿ, ಪೋಸ್ಟ್‌ಗ್ರೆಸ್ ಯಾವ ಕಡತಗಳನ್ನು ಮುಟ್ಟುತ್ತಿದೆ, ಮತ್ತು ಅದೇ ಕಡತಗಳನ್ನು ಇನ್ನಾರು ಮುಟ್ಟುತ್ತಿದ್ದಾರೆ ಎಂದು ನೋಡಿ. ಆಂಟಿವೈರಸ್ ಇದ್ದರೆ ಅದರ ಪ್ರಕ್ರಿಯೆಯ ಹೆಸರೂ ಅಲ್ಲೇ ಕಾಣಬೇಕು.

ಅವೆನ್ಯೂ ರಸ್ತೆ, ಬೆಳಿಗ್ಗೆ 10.24

ಕಂಡಿತು ಸರ್. ಬೇಸ್ ಫೋಲ್ಡರಿನ ಕೆಳಗೆ ಬರೀ ಅಂಕಿಗಳ ಹೆಸರಿನ ಕಡತಗಳು ಒಂದಾದ ಮೇಲೊಂದು ಬಂದು ಹೋಗುತ್ತಿವೆ. ಪ್ರತಿಯೊಂದು ಹೆಸರೂ ಎರಡು ಸಾಲುಗಳಲ್ಲಿ ಕಾಣುತ್ತಿದೆ: ಒಂದು ಪೋಸ್ಟ್‌ಗ್ರೆಸ್‌ನದು, ಅದರ ಬೆನ್ನಿಗೇ ಆಂಟಿವೈರಸ್‌ನದು. ಬೇಸ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಎಣಿಸಿದರೆ 1 ಲಕ್ಷ 40 ಸಾವಿರ ಕಡತಗಳಿವೆ. ಪ್ರತಿ ಆರ್ಥಿಕ ವರ್ಷಕ್ಕೂ ಪ್ರತಿ ಪ್ರಕಾಶಕರಿಗೂ ಪ್ರತ್ಯೇಕ ಟೇಬಲ್‌ಗಳನ್ನು ಮಾಡುವ ಪದ್ಧತಿ ಈ ತಂತ್ರಾಂಶದಲ್ಲಿದೆ, ಅದರ ಫಲವಿರಬೇಕು.

ಮಲ್ಲೇಶ್ವರ, ಬೆಳಿಗ್ಗೆ 10.31

ನಿಮ್ಮ ಒಂದೂವರೆ ಗಂಟೆ ಎಲ್ಲಿ ಹೋಯಿತೆಂಬುದು ಈಗ ಸ್ಪಷ್ಟವಾಯಿತು. ಅಚಾನಕ್ಕಾಗಿ ಆರಿದ ನಂತರ ಏಳುವಾಗ ಪೋಸ್ಟ್‌ಗ್ರೆಸ್ ಕಿರ್ದಿಯನ್ನು ಓದುವುದಕ್ಕೂ ಮೊದಲು, ಡೇಟಾ ಫೋಲ್ಡರಿನಲ್ಲಿರುವ ಪ್ರತಿಯೊಂದು ಕಡತವನ್ನೂ ತೆರೆದು, ಅದರಲ್ಲಿರುವುದು ಡಿಸ್ಕಿಗೆ ನಿಜವಾಗಿ ಇಳಿದಿದೆ ಎಂದು ಖಚಿತಪಡಿಸಿಕೊಂಡು ಮುಚ್ಚುತ್ತದೆ. ಇದಕ್ಕೆ ಕಡತಗಳ ಗಾತ್ರಕ್ಕಿಂತ ಸಂಖ್ಯೆಯೇ ಮುಖ್ಯ. 1 ಲಕ್ಷ 40 ಸಾವಿರ ಕಡತಗಳಲ್ಲಿ ಒಂದೊಂದಕ್ಕೂ 40 ಮಿಲಿಸೆಕೆಂಡು ಹಿಡಿದರೂ 5,600 ಸೆಕೆಂಡು, ಅಂದರೆ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಹಳೆಯ ಹಾರ್ಡ್ ಡಿಸ್ಕ್ ಮತ್ತು ತೆರೆದ ಪ್ರತಿ ಕಡತವನ್ನೂ ತಪಾಸಣೆಗೆ ಹಿಡಿಯುವ ಆಂಟಿವೈರಸ್ ಸೇರಿದರೆ ಅಷ್ಟು ಆಗಿಯೇ ಆಗುತ್ತದೆ. ಲಿನಕ್ಸ್‌ನಲ್ಲಿ 14ನೇ ಆವೃತ್ತಿಯಿಂದ ಇದನ್ನು ಒಟ್ಟಿಗೇ ಮುಗಿಸುವ ಇನ್ನೊಂದು ವಿಧಾನವಿದೆ, ವಿಂಡೋಸ್‌ನಲ್ಲಿ ಅದು ಇಲ್ಲ.

ನನಗೆ ಈ ಹಂತದ ಬಗ್ಗೆ ಹಳೆಯ ಬೇಸರವೊಂದಿದೆ. 14ನೇ ಆವೃತ್ತಿ ಈ ಕೆಲಸ ಮಾಡುವಾಗ ಲಾಗ್‌ನಲ್ಲಿ ಅದರ ಬಗ್ಗೆ ಒಂದು ಮಾತನ್ನೂ ಬರೆಯುವುದಿಲ್ಲ. ಅಡಚಣೆಯಾಗಿತ್ತು ಎಂಬ ಸಾಲಿಗೂ ಸ್ವಯಂ ಚೇತರಿಕೆ ನಡೆಯುತ್ತಿದೆ ಎಂಬ ಮುಂದಿನ ಸಾಲಿಗೂ ನಡುವೆ ಪೂರ್ಣ ಮೌನ. ಆ ಮೌನಕ್ಕೆ ಹೆದರಿಯೇ ಎಷ್ಟೋ ಜನ ಪಿಐಡಿ ಕಡತ ಅಳಿಸಿದ್ದನ್ನು, ಯಂತ್ರದ ಗುಂಡಿ ಒತ್ತಿದ್ದನ್ನು ನಾನು ಕಂಡಿದ್ದೇನೆ. 15ನೇ ಆವೃತ್ತಿಯಿಂದ ಪರಿಸ್ಥಿತಿ ಸುಧಾರಿಸಿದೆ, ಯಾವ ಕಡತದವರೆಗೆ ಬಂದಿದ್ದೇನೆ, ಎಷ್ಟು ಹೊತ್ತಾಯಿತು ಎಂದು 10 ಸೆಕೆಂಡಿಗೊಮ್ಮೆ ಅದೇ ಬರೆಯುತ್ತದೆ.

ಜಯನಗರ, ಬೆಳಿಗ್ಗೆ 10.33

ಆಂಟಿವೈರಸ್ ಸೆಟ್ಟಿಂಗಿನಲ್ಲಿ ಡೇಟಾ ಫೋಲ್ಡರನ್ನೂ ಪೋಸ್ಟ್‌ಗ್ರೆಸ್.ಇಎಕ್ಸ್‌ಇ ಪ್ರಕ್ರಿಯೆಯನ್ನೂ ಹೊರತುಪಡಿಸುವ ಪಟ್ಟಿಗೆ ಈಗಲೇ ಸೇರಿಸಿ. ಅದಕ್ಕೆ ಸರ್ವರನ್ನು ನಿಲ್ಲಿಸಬೇಕಾಗಿಲ್ಲ. ಆಂಟಿವೈರಸನ್ನು ಪೂರ್ತಿ ತೆಗೆಯಬೇಡಿ, ಅಂಗಡಿಯ ಯಂತ್ರಕ್ಕೆ ಅದು ಬೇಕು. ಇದು ಬರೀ ನಿಧಾನದ ಪ್ರಶ್ನೆಯೂ ಅಲ್ಲ. ಆಂಟಿವೈರಸ್ ಅಥವಾ ಬ್ಯಾಕಪ್ ತಂತ್ರಾಂಶ ಕಡತವನ್ನು ಬಿಗಿಯಾಗಿ ಹಿಡಿದುಕೊಂಡಾಗ ಪೋಸ್ಟ್‌ಗ್ರೆಸ್ 30 ಸೆಕೆಂಡಿನವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮತ್ತು ಅಂತಹ ತಂತ್ರಾಂಶ ಅಡ್ಡಬರುತ್ತಿರಬಹುದು ಎಂದು ಲಾಗ್‌ನಲ್ಲೇ ಸೂಚಿಸುತ್ತದೆ.

ಅವೆನ್ಯೂ ರಸ್ತೆ, ಬೆಳಿಗ್ಗೆ 11.12

ಬಿಲ್ಲಿಂಗ್ ಬಂತು ಸರ್! ಹೊರತುಪಡಿಸುವ ಪಟ್ಟಿಗೆ ಸೇರಿಸಿದ ಕೂಡಲೇ ರಿಸೋರ್ಸ್ ಮಾನಿಟರಿನಲ್ಲಿ ಕಡತಗಳ ಹೆಸರುಗಳು ಓದಲಾಗದಷ್ಟು ಬೇಗ ಓಡತೊಡಗಿದವು. 10.41ಕ್ಕೆ ಲಾಗ್‌ನಲ್ಲಿ ಸ್ವಯಂ ಚೇತರಿಕೆ ನಡೆಯುತ್ತಿದೆ ಎಂಬ ಸಾಲು, ಅದರ ಕೆಳಗೆ ‘ರೀಡೂ ಸ್ಟಾರ್ಟ್ಸ್’ ಎಂಬ ಸಾಲು ಬಂದಿತು. ಆಮೇಲೆ ಮುಟ್ಟುತ್ತಿದ್ದುದು ಪಿಜಿ_ವಾಲ್ ಫೋಲ್ಡರಿನ ಉದ್ದನೆಯ ಹೆಸರಿನ ಕಡತಗಳನ್ನು. 11.03ಕ್ಕೆ ‘ರೆಡಿ ಟು ಆಕ್ಸೆಪ್ಟ್ ಕನೆಕ್ಷನ್ಸ್’. ನಿನ್ನೆ ಕರೆಂಟು ಹೋಗುವ ಮುನ್ನ ಹಾಕಿದ ಕೊನೆಯ ಬಿಲ್ಲಿನ ಮುದ್ರಿತ ಪ್ರತಿ ಕೈಯಲ್ಲಿತ್ತು. ಅದರ ಹನ್ನೊಂದು ಸಾಲುಗಳೂ ಪರದೆಯ ಮೇಲೆ ಒಂದೂ ತಪ್ಪದೆ ಬಂದವು.

ಎರಡು ಪ್ರಶ್ನೆ ಉಳಿದಿವೆ. ಸರ್ವಿಸಸ್ ಕಿಟಕಿ ಈಗಲೂ ನಿಂತಿದೆ ಎಂದೇ ತೋರಿಸುತ್ತಿದೆ, ಇದನ್ನು ಹೀಗೇ ಬಿಡಬಹುದೇ? ಇನ್ನೊಂದು ಹೆದರಿಕೆಯ ವಿಷಯ: ಆಜ್ಞೆಗಳನ್ನು ಟೈಪ್ ಮಾಡುವ ಪಿಎಸ್‌ಕ್ಯೂಎಲ್ ಕಪ್ಪು ಕಿಟಕಿಯಲ್ಲಿ ಪ್ರಕಾಶಕರ ಟೇಬಲನ್ನು ತೆರೆದು ನೋಡೋಣವೆಂದರೆ, ಯುಟಿಎಫ್-8ರಲ್ಲಿರುವ ಅಕ್ಷರಕ್ಕೆ ವಿನ್1252ರಲ್ಲಿ ಸಮಾನ ಅಕ್ಷರವಿಲ್ಲ ಎಂಬ ದೋಷ ಬರುತ್ತಿದೆ. ಆ ಹೆಸರುಗಳೆಲ್ಲ ಕನ್ನಡದಲ್ಲಿವೆ. ಅಕ್ಷರಗಳು ಕೆಟ್ಟುಹೋದವೇ?

ಬಸವನಗುಡಿ, ಬೆಳಿಗ್ಗೆ 11.20

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ, ಕನ್ನಡದ ದತ್ತಾಂಶದ ಜೊತೆಗೇ ನನ್ನ ದಿನ ಕಳೆಯುವುದರಿಂದ ಈ ದೋಷ ನನಗೆ ಚಿರಪರಿಚಿತ. ನಿಮ್ಮ ಅಕ್ಷರಗಳಿಗೆ ಏನೂ ಆಗಿಲ್ಲ. ‘ಕ’ ಎಂಬ ಒಂದು ಅಕ್ಷರ ಡೇಟಾಬೇಸಿನೊಳಗೆ ಮೂರು ಬೈಟುಗಳಾಗಿ ಭದ್ರವಾಗಿದೆ. ಕಪ್ಪು ಕಿಟಕಿ ತನಗೆ ಪಶ್ಚಿಮ ಯುರೋಪಿನ ಅಕ್ಷರಗಳು ಮಾತ್ರ ಗೊತ್ತು ಎಂದು ಹೇಳಿಕೊಂಡು ಸಂಪರ್ಕ ಮಾಡಿರುವುದರಿಂದ, ಸರ್ವರ್ ಅದಕ್ಕೆ ಕನ್ನಡವನ್ನು ಕಳಿಸಲಾರದೆ ದೋಷ ಕೊಡುತ್ತಿದೆ. ದೋಷ ಕೊಟ್ಟದ್ದೇ ಒಳ್ಳೆಯದಾಯಿತು, ಕೆಟ್ಟ ಅಕ್ಷರಗಳನ್ನು ಸುಮ್ಮನೆ ತೋರಿಸಲಿಲ್ಲ. ಪಿಎಸ್‌ಕ್ಯೂಎಲ್ ಒಳಗೆ ಕ್ಲೈಂಟ್ ಎನ್‌ಕೋಡಿಂಗ್ ಅನ್ನು ಯುಟಿಎಫ್-8ಕ್ಕೆ ಬದಲಿಸಿ, ಕಿಟಕಿಯ ಕೋಡ್ ಪೇಜನ್ನು (ಅಕ್ಷರಗಳ ಪಟ್ಟಿಯನ್ನು) ಮೊದಲೇ ಯುಟಿಎಫ್-8ರ ಸಂಖ್ಯೆಯಾದ 65001ಕ್ಕೆ ಇಟ್ಟುಕೊಂಡರೆ ದೋಷ ಹೋಗುತ್ತದೆ. ಆಗಲೂ ಕನ್ನಡದ ಒತ್ತಕ್ಷರಗಳು ಆ ಕಿಟಕಿಯಲ್ಲಿ ಸರಿಯಾಗಿ ಕೂಡಿಕೊಳ್ಳದೆ ಚೌಕಗಳಾಗಿ ಕಾಣಬಹುದು. ಆದ್ದರಿಂದ ಹೆಸರುಗಳನ್ನು ಕಣ್ಣಿನಿಂದ ಓದಿ ನೋಡಬೇಕಾದರೆ ಪಿಜಿಅಡ್ಮಿನ್ ಎಂಬ, ಮೌಸ್‌ನಿಂದ ಬಳಸುವ ಸಾಧನವನ್ನು ಬಳಸಿ.

ಮಲ್ಲೇಶ್ವರ, ಬೆಳಿಗ್ಗೆ 11.34

ಸರ್ವಿಸಿನ ಪ್ರಶ್ನೆಗೆ: ಸಂಜೆಯವರೆಗೆ ಹೀಗೇ ಬಿಡಿ, ರಾತ್ರಿಗೆ ಬಿಡಬೇಡಿ. ವಿಂಡೋಸ್‌ನ ಲೆಕ್ಕದಲ್ಲಿ ಈ ಸರ್ವಿಸ್ ಓಡುತ್ತಿಲ್ಲ. ಹಾಗಾಗಿ ಯಂತ್ರ ಶಟ್‌ಡೌನ್ ಆಗುವಾಗ ಅದಕ್ಕೆ ಕ್ರಮವಾಗಿ ನಿಲ್ಲು ಎಂಬ ಸೂಚನೆ ಹೋಗುವುದಿಲ್ಲ, ನಿನ್ನೆ ಕರೆಂಟು ಹೋದಾಗ ಆದದ್ದೇ ಮತ್ತೆ ಆಗಬಹುದು. ವಿಂಡೋಸ್ ಅಪ್‌ಡೇಟ್ ತಾನಾಗಿ ರೀಸ್ಟಾರ್ಟ್ ಮಾಡುವಂತಿದ್ದರೆ ಈಗಲೇ ಮುಂದೂಡಿ.

ಸಂಜೆ ವ್ಯಾಪಾರ ಮುಗಿದು ಬಿಲ್ಲಿಂಗ್ ಯಂತ್ರಗಳೆಲ್ಲ ಮುಚ್ಚಿದ ಮೇಲೆ, ಮೊದಲು ಪಿಜಿ_ಡಂಪ್‌ನಿಂದ ಪೂರ್ಣ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡಿ. ಡಂಪ್ ಎಲ್ಲ ಟೇಬಲ್‌ಗಳ ಎಲ್ಲ ಸಾಲುಗಳನ್ನೂ ಓದುವುದರಿಂದ ಓದಲಾಗದ ಪುಟವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅದು ಇಂಡೆಕ್ಸ್‌ಗಳನ್ನು ಪರೀಕ್ಷಿಸುವುದಿಲ್ಲ, ಅದಕ್ಕೆ 14ರಲ್ಲೇ ಹೊಸದಾಗಿ ಬಂದ ಪಿಜಿ_ಆಮ್‌ಚೆಕ್ ಇದೆ. ಬಿಡುವಿದ್ದಾಗ ಅದನ್ನೂ ಓಡಿಸಿ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಿಂದ, ಪಿಜಿ_ಸಿಟಿಎಲ್ ಸ್ಟಾಪ್ ಆಜ್ಞೆಗೆ ಡೇಟಾ ಫೋಲ್ಡರಿನ ವಿಳಾಸ ಕೊಟ್ಟು, ಫಾಸ್ಟ್ ವಿಧಾನದಲ್ಲಿ ನಿಲ್ಲಿಸಿ. ಹೆಸರು ಫಾಸ್ಟ್ ಎಂದಿದ್ದರೂ ಅದು ಕ್ರಮಬದ್ಧವಾದ ನಿಲುಗಡೆಯೇ, ಸಂಪರ್ಕಗಳನ್ನು ಕಡಿದು, ಬಾಕಿಯನ್ನೆಲ್ಲ ಖಾತೆಗೆ ಏರಿಸಿ ಮುಚ್ಚುತ್ತದೆ. ಟಾಸ್ಕ್ ಮ್ಯಾನೇಜರಿನಿಂದ ಎಂಡ್ ಟಾಸ್ಕ್ ಮಾತ್ರ ಒತ್ತಬೇಡಿ. ಪೋಸ್ಟ್‌ಗ್ರೆಸ್ ಪ್ರಕ್ರಿಯೆಗಳೆಲ್ಲ ಹೋದವೆಂದು ಕಂಡ ಮೇಲೆ ಸರ್ವಿಸಸ್ ಕಿಟಕಿಯಿಂದ ಸ್ಟಾರ್ಟ್ ಕೊಡಿ.

ಸೆಟ್ಟಿಂಗ್ ಕಡತದಲ್ಲಿ ಮ್ಯಾಕ್ಸ್_ವಾಲ್_ಸೈಜ್ (ಕಿರ್ದಿ ಎಷ್ಟು ಬೆಳೆಯಬಹುದು) ಮತ್ತು ಚೆಕ್‌ಪಾಯಿಂಟ್_ಟೈಮ್‌ಔಟ್ (ಎಷ್ಟು ಹೊತ್ತಿಗೊಮ್ಮೆ ಖಾತೆಗೆ ಏರಿಸಿ ಮುಗಿಸಬೇಕು) ಎಷ್ಟಿವೆ ಎಂದೂ ನೋಡಿ ತಿಳಿಸಿ. ರೀಡೂಗೆ, ಅಂದರೆ ಕಿರ್ದಿಯ ಬಾಕಿಯನ್ನು ಖಾತೆಗೆ ಏರಿಸುವುದಕ್ಕೆ, 22 ನಿಮಿಷ ಹಿಡಿದದ್ದು ನನಗೆ ಹೆಚ್ಚೆನಿಸುತ್ತದೆ.

ಯಲಹಂಕ, ಮಧ್ಯಾಹ್ನ 1.15

ಈ ಚರ್ಚೆ ಓದಿ ನನ್ನ ಸಮಸ್ಯೆಯನ್ನೂ ಕೇಳುತ್ತಿದ್ದೇನೆ. ನನ್ನಲ್ಲಿಯೂ ಸರ್ವಿಸ್ ಆರಂಭವಾಗಿ ನಿಲ್ಲುತ್ತದೆ, ಆದರೆ ಒಂದೇ ಸೆಕೆಂಡಿಗೆ. ಪೋಸ್ಟ್‌ಗ್ರೆಸ್.ಇಎಕ್ಸ್‌ಇ ಒಂದೂ ಇಲ್ಲ, ಲಾಗ್ ಫೋಲ್ಡರಿನಲ್ಲಿ ಇವತ್ತಿನ ಕಡತವೇ ಹುಟ್ಟಿಲ್ಲ. ನಿನ್ನೆ ಸಿ ಡ್ರೈವ್ ತುಂಬಿದ್ದರಿಂದ ಸರ್ವಿಸ್ ನಿಲ್ಲಿಸಿ, ಡೇಟಾ ಫೋಲ್ಡರನ್ನು ಇ ಡ್ರೈವಿನಲ್ಲಿ ಅಡ್ಮಿನಿಸ್ಟ್ರೇಟರುಗಳಿಗೆ ಮಾತ್ರ ಪ್ರವೇಶವಿರುವ ಫೋಲ್ಡರಿನೊಳಕ್ಕೆ ಕಾಪಿ ಮಾಡಿ, ಸರ್ವಿಸಿನ ಆಜ್ಞಾಸಾಲನ್ನೂ ಹೊಸ ವಿಳಾಸಕ್ಕೆ ಬದಲಿಸಿದ್ದೆ. ಈವೆಂಟ್ ವ್ಯೂಯರ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಎಂದಿದೆ.

ಜಯನಗರ, ಮಧ್ಯಾಹ್ನ 1.28

ಮೇಡಂ, ನಿಮ್ಮದು ಹೊರಗಿನಿಂದ ಒಂದೇ ರೀತಿ ಕಂಡರೂ ಬೇರೆ ಕಾಯಿಲೆ. ಸರ್ವಿಸ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ, ಸಾಮಾನ್ಯವಾಗಿ ನೆಟ್‌ವರ್ಕ್ ಸರ್ವಿಸ್ ಎಂಬ ಖಾತೆಯ ಹೆಸರಿನಲ್ಲಿ ಓಡುತ್ತದೆ. ಫೋಲ್ಡರನ್ನು ಕಾಪಿ ಮಾಡಿದಾಗ ಹಳೆಯ ಅನುಮತಿಗಳು ಜೊತೆಗೆ ಬರುವುದಿಲ್ಲ, ಹೊಸ ಜಾಗದ ಅನುಮತಿಗಳೇ ಅಂಟಿಕೊಳ್ಳುತ್ತವೆ. ನೀವು ಇಟ್ಟ ಜಾಗದಲ್ಲಿ ಆ ಖಾತೆಗೆ ಪ್ರವೇಶವಿಲ್ಲ. ಹೊಸ ಡೇಟಾ ಫೋಲ್ಡರಿನ ಸೆಕ್ಯೂರಿಟಿ ಪುಟದಲ್ಲಿ ನೆಟ್‌ವರ್ಕ್ ಸರ್ವಿಸ್ ಖಾತೆಗೆ ಫುಲ್ ಕಂಟ್ರೋಲ್ ಕೊಟ್ಟು, ಒಳಗಿನ ಎಲ್ಲ ಕಡತಗಳಿಗೂ ಅದು ಇಳಿಯುವಂತೆ ಮಾಡಿ. ಸರ್ವಿಸನ್ನು ಅಡ್ಮಿನಿಸ್ಟ್ರೇಟರ್ ಖಾತೆಗೆ ಬದಲಿಸುವ ಸುಲಭದ ದಾರಿಗೆ ಹೋಗಬೇಡಿ.

ಯಲಹಂಕ, ಮಧ್ಯಾಹ್ನ 1.50

ಅನುಮತಿ ಕೊಟ್ಟೆ, ಸರ್ವಿಸ್ ಎದ್ದಿತು. ತುಂಬಾ ಧನ್ಯವಾದಗಳು.

ಅವೆನ್ಯೂ ರಸ್ತೆ, ಮಂಗಳವಾರ ಬೆಳಿಗ್ಗೆ 8.20

ನಿನ್ನೆ ರಾತ್ರಿ 8.45ಕ್ಕೆ ಕೊನೆಯ ಬಿಲ್ ಆದ ಮೇಲೆ ಕೆಲಸ ಶುರುಮಾಡಿದೆ. ಡಂಪ್ ಯಾವ ದೋಷವೂ ಇಲ್ಲದೆ ಮುಗಿಯಿತು. ಪಿಜಿ_ಸಿಟಿಎಲ್‌ನಿಂದ ನಿಲ್ಲಿಸಿದಾಗ ಪೋಸ್ಟ್‌ಗ್ರೆಸ್ ಪ್ರಕ್ರಿಯೆಗಳು ಒಂದೊಂದಾಗಿ ಮಾಯವಾಗಿ ಕೊನೆಗೆ 4312 ಕೂಡ ಹೋಯಿತು. ಪೋಸ್ಟ್‌ಮಾಸ್ಟರ್.ಪಿಐಡಿ ಕಡತವನ್ನು ಅದೇ ತೆಗೆದುಹಾಕಿತು, ನಾನು ಮುಟ್ಟಬೇಕಾಗಲಿಲ್ಲ. ಸರ್ವಿಸಸ್ ಕಿಟಕಿಯಿಂದ ಸ್ಟಾರ್ಟ್ ಒತ್ತಿದರೆ ನಾಲ್ಕೇ ಸೆಕೆಂಡಿನಲ್ಲಿ ‘ರನ್ನಿಂಗ್’ ಎಂದಿತು.

ನೀವು ಕೇಳಿದ ಸೆಟ್ಟಿಂಗುಗಳು: ಮ್ಯಾಕ್ಸ್_ವಾಲ್_ಸೈಜ್ 16 ಜಿಬಿ, ಚೆಕ್‌ಪಾಯಿಂಟ್_ಟೈಮ್‌ಔಟ್ 30 ನಿಮಿಷ.

ಮಲ್ಲೇಶ್ವರ, ಮಂಗಳವಾರ ಬೆಳಿಗ್ಗೆ 9.05

ಇವುಗಳ ಸಹಜ ಮೌಲ್ಯ 1 ಜಿಬಿ ಮತ್ತು 5 ನಿಮಿಷ. ವೇಗಕ್ಕಾಗಿ ಹೆಚ್ಚಿಸುವುದು ತಪ್ಪಲ್ಲ, ಆದರೆ ಕಿರ್ದಿಯಿಂದ ಖಾತೆಗೆ ಏರಿಸುವುದನ್ನು ಎಷ್ಟು ತಡಮಾಡುತ್ತೀರೋ, ಅಚಾನಕ್ಕಾಗಿ ಆರಿದ ದಿನ ಅಷ್ಟು ಬಾಕಿ ಇರುತ್ತದೆ. ಯುಪಿಎಸ್ ನಂಬುವಂತಿಲ್ಲದ ಅಂಗಡಿಗೆ ನಾನು 2 ಜಿಬಿ, 5 ನಿಮಿಷಕ್ಕೆ ಇಳಿಸುತ್ತೇನೆ. ಸೆಟ್ಟಿಂಗ್ ಕಡತವನ್ನು ಸರ್ವರ್ 2016ರ ಹಳೆಯ ನೋಟ್‌ಪ್ಯಾಡಿನಲ್ಲಿ ತಿದ್ದುವುದಾದರೆ ಯುಟಿಎಫ್-8 ಎಂದು ಉಳಿಸಬೇಡಿ. ಅದು ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಗುರುತು ಸೇರಿಸುತ್ತದೆ, ಪೋಸ್ಟ್‌ಗ್ರೆಸ್ ಒಂದನೇ ಸಾಲಿನಲ್ಲೇ ದೋಷವಿದೆ ಎಂದು ಏಳಲು ನಿರಾಕರಿಸುತ್ತದೆ.

ಸರ್ವಿಸಿನ ಆಜ್ಞಾಸಾಲಿನ ಕೊನೆಗೆ ಅಡ್ಡಗೆರೆ ಟಿ ಹಾಕಿ, ಕಾಯುವ ಸಮಯವನ್ನು ಸೆಕೆಂಡುಗಳಲ್ಲಿ ಕೊಡಿ. ನಿಮ್ಮ ಕಡತಗಳ ಸಂಖ್ಯೆಗೆ 1800 ಇರಲಿ. ಎಸ್‌ಸಿ ಕಾನ್ಫಿಗ್ ಆಜ್ಞೆಯಿಂದ ಬದಲಿಸುವುದಾದರೆ ಬಿನ್‌ಪಾತ್ ಮುಂದಿನ ಸಮ ಚಿಹ್ನೆಯ ನಂತರ ಒಂದು ಖಾಲಿ ಜಾಗ ಬಿಡಲೇಬೇಕು, ಮತ್ತು ಹಳೆಯ ಸಾಲನ್ನು ಮೊದಲು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಅವೆನ್ಯೂ ರಸ್ತೆ, ಮಂಗಳವಾರ ರಾತ್ರಿ 9.40

ಮೂರೂ ಬದಲಾವಣೆ ಮಾಡಿ ಸರ್ವಿಸನ್ನು ಎರಡು ಸಲ ನಿಲ್ಲಿಸಿ ಎಬ್ಬಿಸಿದೆ, ಎರಡು ಸಲವೂ ತೊಂದರೆಯಿಲ್ಲ. ಆಜ್ಞಾಸಾಲಿನ ಹಳೆಯ ಪ್ರತಿಯನ್ನೂ ಹೊಸದನ್ನೂ ಮುದ್ರಿಸಿ ಸರ್ವರ್ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಅದರ ಕೆಳಗೆ ಪಿಐಡಿ ಕಡತ ಅಳಿಸಬಾರದು, ಮೊದಲು ಟಾಸ್ಕ್ ಮ್ಯಾನೇಜರ್ ಮತ್ತು ಲಾಗ್ ನೋಡಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನಾನು ರಜೆಯಲ್ಲಿರುವ ದಿನ ಬೇರೆಯವರಿಗೆ ಬೇಕಾಗುತ್ತದೆ. ಮಾಲೀಕರು ಯುಪಿಎಸ್‌ಗೆ ಹೊಸ ಬ್ಯಾಟರಿಗಳನ್ನು ತರಿಸಲು ಒಪ್ಪಿದ್ದಾರೆ, ನಾಳೆ ಮಧ್ಯಾಹ್ನ ಬರುತ್ತವೆ.